ಎಣ್ಣಿ ಕುಡಿದ ಕಲ್ಲು

ನಮ್ಮಣ್ಣ ಬೇಕಂತ ಕೊಯ್ಯಲಿಲ್ಲ. ಕಲ್ಲು ಎಣ್ಣಿ ಕುಡಿದಿತ್ತು, ಅಂವ ಅದರ ಮ್ಯಾಲ ನೀರು ಹಾಕಿದ. ಆಗಿದ್ದು ಇಷ್ಟೇ. ಉಳಿದದ್ದೆಲ್ಲ ಮಂದಿ ಬಾಯಾಗ ಬೆಳೆದದ್ದು.

ಇದನ್ನ ಈಗ ಯಾಕ ತೆಗೆದೆ ಅಂದರ, ಮೊನ್ನೆ ನನ್ನ ಮಗ ಅಂಗಡಿಯಿಂದ ಬರುವಾಗ ಒಂದು ರಟ್ಟಿನ ಡಬ್ಬಿ ಹಿಡಕೊಂಡು ಬಂದ. ರಾಯಚೂರಿನಾಗ ಸ್ಟೇಷನ್ನಿನ ಹಿಂದಿನ ಓಣಿಯಾಗ ಅವನ ಕಟಿಂಗ್ ಅಂಗಡಿ ಅದ. ಬ್ಲೇಡು ಮುರಿದು ಸಿಗಿಸುವ ಉಸ್ತರಿ ಬಂದ ಮ್ಯಾಲ ನಮ್ಮ ಮನಿಯಾಗ ಯಾರೂ ಏನನ್ನೂ ಮಸೆದಿಲ್ಲ. ಒಬ್ಬರ ಗಡ್ಡಕ್ಕ ಒಂದು ಬ್ಲೇಡು, ಆಮ್ಯಾಲ ಕಸದ ಬುಟ್ಟಿಗೆ. ಛಲೋನೇ ಆತು, ಅದರಾಗ ನಾನು ತಪ್ಪು ಹುಡುಕಂಗಿಲ್ಲ. ಆದರ ಈಗ ಎದಿಮಟ ಗಡ್ಡ ಬಿಟ್ಟ ಹುಡುಗರು ಮೊಬೈಲಿನಾಗ ಏನೇನೋ ನೋಡಿ, ಮಡಚುವ ಹಿಡಿಕಿಯ ಹಳೇ ನಮೂನಿ ಉಸ್ತರಿ ತಾವೇ ಕೊಂಡು ತಂದು, "ಅಣ್ಣಾ, ಗಡ್ಡದ ಅಂಚು ಇದ್ರಾಗ ತೀಡ್ರಿ" ಅಂತಾರಂತ. ಅದಕ್ಕ ಕಲ್ಲು ಬೇಕಾತು. ಡಬ್ಬಿ ಬಿಚ್ಚಿದರ ಒಳಗ ಬೆಳ್ಳಗ ಬರ್ಫಿ ತುಂಡಿನಂಥ ಕಲ್ಲು.

"ಇದಕ್ಕ ನೀರು ಹಾಕ್ಬೇಕೋ, ಎಣ್ಣಿ ಹಾಕ್ಬೇಕೋ, ಯವ್ವಾ?" ಅಂತ ಕೇಳಿದ. ಕೇಳಿದವನು ನನ್ನ ಉತ್ತರಕ್ಕರ ಕಾಯಬೇಕಿಲ್ಲ? ಒಳಗಿಂದ ಕುಸುಬಿ ಎಣ್ಣಿ ಬಾಟ್ಲಿ ತಂದು ಮುಚ್ಚಳ ತೆಗೆದೇ ಬಿಟ್ಟ. ಕುಸುಬಿ ಎಣ್ಣಿ ಬಿಚ್ಚಿದರ ಬರುವ ಒಂದು ವಾಸನಿ ಅದ. ಹಸೀ ಕಬ್ಬಿಣದಂಗ, ಹಳಸಿದ ಒಗ್ಗರಣಿಯಂಗ. ಆ ವಾಸನಿ ಮೂಗಿಗೆ ಬಡಿದ ಕೂಡಲೇ ಮಂಚದ ಮ್ಯಾಲ ಕುಂತಿದ್ದ ನಮ್ಮನಿಯವರ ಕೈ ತಾನೇ ದವಡಿ ಕೆಳಗ ಹೋತು. ಅಲ್ಲಿ ಒಂದು ಗೀರು ಅದ.

"ನಿಮ್ಮವ್ವನ್ನ ಕೇಳಬ್ಯಾಡಲೇ" ಅಂದರು. "ಅವರ ಮನಿಯಾಗ ನೀರು ಹಾಕಿ ಮಸದು ಕುತ್ತಿಗಿ ಕೊಯ್ತಾರ."

ಸೊಸಿ ನಕ್ಕಳು. ಮೊಮ್ಮಕ್ಕಳು "ಯಜ್ಜಾ, ಕೊಯ್ದ ಮಾಮನ ಕಥಿ ಹೇಳು" ಅಂತ ಕಾಲಿಗೆ ಬಿದ್ದವು. ನನಗ ಸಿಟ್ಟು ಬಂತು. ಅಣ್ಣ ಸತ್ತು ಭಾಳ ದಿನ ಆತು. ನನ್ನ ತವರು ಗಬ್ಬೂರಿನಾಗ ಹುಟ್ಟಿದ ಕೂಸಿನ ಜವಳದಿಂದ ಹಿಡಿದು ಸತ್ತವರ ಮನಿಯ ಕರ್ಮದ ತನಕ ಅರ್ಧ ಊರಿನ ತಲಿ ಮುಟ್ಟಿದ ಮನುಷ್ಯ, ಕಡಿಗೆ ಉಳಿದದ್ದು ಒಂದು ಗೀರಿನ ಹೆಸರಿನಾಗ. ಅದಕ್ಕ ಬರಿಯಾಕ ಕುಂತೀನಿ. ನಾಕನೇತ್ತಿ ಮುಗಿಸದ ಕೈ ಇದು, ಅಕ್ಷರ ಸೊಟ್ಟಾಗಿದ್ರ ನಿಮ್ಮ ಕಣ್ಣು ಸೊಟ್ಟ ಮಾಡಿಕೊಂಡು ಓದ್ರಿ.

ಕಲ್ಲಿನ ಸುದ್ದಿ ಗೊತ್ತಿಲ್ಲದವರಿಗೆ ಇದರಾಗ ಏನದ ಅನ್ನಿಸ್ತದ. ನಿಮ್ಮ ಮನಿಯಾಗ ಸಾರಿಗೆ ಹುಣಸಿಹಣ್ಣು ಮೊದಲೋ, ಖಾರ ಮೊದಲೋ ಅಂತ ಅತ್ತಿ ಸೊಸಿ ಮುಖ ತಿರುವಿಕೊಂಡಿಲ್ಲೇನು? ನಮ್ಮ ಕ್ಷೌರದವರ ಮನಿಯಾಗ ಕಲ್ಲು ಹಂಗ. ಒಬ್ಬೊಬ್ಬರಿಗೆ ಒಂದೊಂದು. ದೇವದುರ್ಗದಾಗ ನಮ್ಮ ದೊಡ್ಡಪ್ಪ ಒಬ್ಬ ನೆಲಕ್ಕ ಹಾಸುವ ಶಾಬಾದಿ ಪರ್ಸಿ ತುಂಡಿನ ಮ್ಯಾಲ ಮಸೆಯುತ್ತಿದ್ದ. ಅದು ಉಸ್ತರಿಗೆ ಹೊಳಪು ಕೊಡ್ತದ, ಹರಿತ ಕೊಡಂಗಿಲ್ಲ. ಅವನ ಕೈಯಾಗ ಗಡ್ಡ ಮಾಡಿಸಿಕೊಂಡವರು ಕಣ್ಣೀರು ಒರೆಸಿಕೊಂಡು ಏಳುತ್ತಿದ್ದರು. ರಾಯಚೂರಿನಾಗ ಅಕ್ಕಿ ಮಿಲ್ಲಿನ ಪಾಲಿಶ್ ಕಲ್ಲು ಒಡೆದರ ಅದರ ತುಂಡು ಆರಿಸಿಕೊಂಡು ಬರುವವರಿದ್ದರು. ಕುಡಗೋಲಿಗೆ ಅದು ಛಲೋ, ಮುಖಕ್ಕ ಅಲ್ಲ. ಮಾನ್ವಿ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಮುದುಕ ಪಿಂಗಾಣಿ ಕಪ್ಪು ಬೋರಲು ಹಾಕಿ ಅದರ ತಳದ ಒರಟು ಅಂಚಿಗೆ ತಿಕ್ಕುತ್ತಿದ್ದ. ಅದೇ ಕಪ್ಪಿನಾಗ ಚಾ ಕುಡಿಯುತ್ತಿದ್ದನೋ ಇಲ್ಲೋ, ನಾನು ಕೇಳಾಕ ಹೋಗಿಲ್ಲ.

ನಮ್ಮಪ್ಪಂದು ಹೊಳಿಗಲ್ಲು. ಕೃಷ್ಣಾ ದಂಡಿಯಿಂದ ಅವರಪ್ಪನ ಕಾಲದಾಗ ತಂದದ್ದು, ಕರ್ರಗ, ಅಂಗೈಯಷ್ಟು ಅಗಲ. ಅದಕ್ಕ ನೀರು ಬಿಟ್ಟು ಬೇರೆ ಏನೂ ಸೋಕಿಸುವಂಗಿರಲಿಲ್ಲ. ಎಣ್ಣಿ ಕೈಯಾಗ ಮುಟ್ಟಿದ್ದಕ್ಕ ನಮ್ಮವ್ವಗ ಬೈದದ್ದು ನಾನು ಕೇಳೀನಿ. "ಎಣ್ಣಿ ಬಿದ್ರ ಕಲ್ಲಿನ ಹಲ್ಲು ಬೀಳ್ತಾವ" ಅಂತಿದ್ದ. ನಾನು ಸೊಸಿಯಾಗಿ ಹೋಗಬೇಕಾದ ಮನಿ ಕಲ್ಲೂರಿನಾಗ. ಅಲ್ಲಿ ನಮ್ಮ ಮಾವಂದು ವಿಲಾಯತಿ ಕಲ್ಲು. ನಿಜಾಮನ ಕಾಲದಾಗ ಯಾರೋ ಸಾಹೇಬರು ಅವರಪ್ಪನ ಕೆಲಸಕ್ಕ ಮೆಚ್ಚಿ ಹೈದರಾಬಾದಿನಿಂದ ತಂದು ಕೊಟ್ಟದ್ದಂತ. ಅದಕ್ಕ ಎಣ್ಣಿನೇ ಆಗಬೇಕು. "ನೀರು ಹಾಕಿದ್ರ ಉಸ್ತರಿ ಜಂಗು ಹಿಡಿದು ಕೆಂಪಾಗ್ತದ" ಅಂತ ಮಾವ. ಎರಡೂ ಖರೇ ಮಾತೇ. ಎಣ್ಣಿ ಕಲ್ಲಿಗೆ ಎಣ್ಣಿ, ನೀರಿನ ಕಲ್ಲಿಗೆ ನೀರು. ಅದಲು ಬದಲು ಮಾಡಬಾರದು, ಅಷ್ಟೇ.

ಇನ್ನೊಂದು ಪದ್ಧತಿ ಹೇಳದಿದ್ದರ ನಿಮಗ ಮುಂದಿನದು ತಿಳಿಯಂಗಿಲ್ಲ. ಊರಿನ ಮದುಮಕ್ಕಳ ದಾಡಿ ನಾವು ಮಾಡ್ತೀವಿ. ನಮ್ಮ ಮದುಮಗಂದು ಯಾರು ಮಾಡಬೇಕು? ನಮ್ಮ ಎರಡು ಮನಿತನದಾಗೂ ಹೆಣ್ಣಿನ ಕಡಿಯವರೇ ಮಾಡಬೇಕು, ಹೆಣ್ಣಿನ ಅಣ್ಣನೋ ತಮ್ಮನೋ. ಅಂವ ಉಸ್ತರಿ ಹಿಡಿದು ನಿಂತಾಗ ಮದುಮಗ ಕುತ್ತಿಗಿ ಎತ್ತಿ ಕೊಡಬೇಕು. ಕೊಟ್ಟ ಅಂದರ ಸಂಬಂಧ ಕೂಡ್ತು. ಗಂಡಿನ ಕಡಿಯವರೇ ಆ ದಾಡಿ ಮಾಡಿ ಮುಗಿಸಿದರ, ಆ ಹೆಣ್ಣಿಗೆ ಹಿಂದ ಯಾರೂ ಇಲ್ಲ ಅಂತ ಅರ್ಥ. ಅನಾಥ ಹೆಣ್ಣು ತಂದಾಗ ಹಂಗ ಮಾಡ್ತಿದ್ದರು.

ಮದಿವಿ ಕಲ್ಲೂರಿನಾಗ, ಗಂಡಿನ ಮನಿಯಾಗ. ನಾವು ಹಿಂದಿನ ದಿನ ಸಂಜಿಗೇ ಹೋಗಿ ಇಳಿದೆವು. ಅಪ್ಪ ಪೆಟಿಗಿ ಬಿಚ್ಚಿ ಹಸೀ ಬಟ್ಟಿಯಾಗ ಸುತ್ತಿದ ಹೊಳಿಗಲ್ಲು ತೆಗೆದು ಹಂದರದ ಕಟ್ಟಿ ಮ್ಯಾಲ ಇಟ್ಟ. ಮಾವ ಬಂದು ನೋಡಿದರು.

"ಏನ್ರಿ ಬೀಗ್ರ, ಬಚ್ಚಲಾಗ ಕಾಲು ತಿಕ್ಕೋ ಕಲ್ಲು ತಂದೀರಲ್ಲ?"

"ನಿಮ್ಮ ಕಲ್ಲು ನೋಡೀನ್ರಿ" ಅಂದ ಅಪ್ಪ. "ಮಿರ್ಚಿ ಕರದು ಇಳಿಸಿದ ಬಾಂಡ್ಲಿ ಇದ್ದಂಗ ಅದ."

ಮಂದಿ ನಕ್ಕರು. ಬೀಗರ ಹಾಸ್ಯ ಅಂದರ ಹಂಗೇ. ಆದರ ಮಾವ ನಗಲಿಲ್ಲ. ಅವರಪ್ಪನ ಕಲ್ಲು ಅದು.

"ನಾಳಿ ನಮ್ಮ ಹುಡುಗನ ಮುಖಕ್ಕ ನಮ್ಮ ಕಲ್ಲಿನ ಮ್ಯಾಲ ಮಸದ ಉಸ್ತರಿನಾ ಬರ್ಬೇಕು. ಈ ಹೊಳಿ ದಂಡಿ ಕಲ್ಲು ಮುಟ್ಟಿಸಿದ ಉಸ್ತರಿ ಬಂದ್ರ ಅಂವ ಕುಂದ್ರಂಗಿಲ್ಲ."

ನಗು ನಿಂತಿತು. ಅಣ್ಣ ಎದ್ದು ನಿಂತ. ಅಂವ ಅಪ್ಪನಂಗ ನುಂಗಿಕೊಳ್ಳುವವನಲ್ಲ. ಅಪ್ಪ ಅವನ ಮೊಣಕೈ ಹಿಡಿದು ಕುಂದರಿಸಿ, ಕಲ್ಲನ್ನ ತಿರುಗಿ ಬಟ್ಟಿಯಾಗ ಸುತ್ತಿಟ್ಟ. "ಆತು, ನಿಮ್ಮ ಕಲ್ಲಾ ಇರ್ಲಿ" ಅಂದ. ಊಟಕ್ಕ ಕುಂತಾಗ ಅಣ್ಣ ಹೋಳಿಗಿ ಮುಟ್ಟಲಿಲ್ಲ. ಅದನ್ನ ಎಲ್ಲರೂ ನೋಡಿದರು. ಮರುದಿನ ಎಲ್ಲರಿಗೂ ನೆನಪಾದದ್ದು ಅದೇ.

ಮುಂಜಾನಿ ಹಲಗಿ ಬಾರಿಸಾಕತ್ತಿದ್ದರು. ನನಗ ಒಳಗ ಅರಿಷಿಣ ಹಚ್ಚುತ್ತಿದ್ದರು. ಹೊರಗ ಆದದ್ದು ನಾನು ಕಂಡದ್ದಲ್ಲ, ಆಮ್ಯಾಲ ಅಣ್ಣನೇ ಹೇಳಿದ್ದು, ಮತ್ತ ಕಲ್ಲು ಹೇಳಿದ್ದು. ಅಣ್ಣನ ಮುಂದ ವಿಲಾಯತಿ ಕಲ್ಲು ಇಟ್ಟರು, ಬಾಜೂಕ ಎಣ್ಣಿ ಬಟ್ಟಲಾ ಇಟ್ಟರು. ಕಲ್ಲು ಕಂಡ ಕೂಡಲೇ ಅಣ್ಣನ ಕೈ ಹುಟ್ಟಿದಾಗಿಂದ ಹೋದಂಗ ತಂಬಿಗಿಗೆ ಹೋತು. ನೀರು ಚಿಮುಕಿಸಿದ; ಸುರಗಿ ಸುತ್ತುವ ಗದ್ದಲದಾಗ ಅದನ್ನ ಯಾರೂ ಗಮನಿಸಲಿಲ್ಲ. ಎಣ್ಣಿ ಹಚ್ಚಿದ ತಲಿ ಮ್ಯಾಲ ನೀರು ನಿಲ್ಲದಂಗ ಅದು ಹನಿಹನಿಯಾಗಿ ಜಾರಿತು. ಅಂವ ಮತ್ತಷ್ಟು ಚಿಮುಕಿಸಿ ಒತ್ತಿ ಮಸೆದ. ಮೆಲ್ಲಗ ಹೋಗಬೇಕಾದ ಉಸ್ತರಿಯನ್ನ ಒತ್ತಿದರ ಏನಾಗ್ತದ? ಅಂಚು ಮಡಚಿ ಕಣ್ಣಿಗೆ ಕಾಣದ ಮುಳ್ಳು ಏಳ್ತದ. ಚರ್ಮದ ಪಟ್ಟಿಗೆ ಎಳೆದರ ಆ ಮುಳ್ಳು ನೆಟ್ಟಗ ನಿಂತು, ಉಗುರಿನ ಮ್ಯಾಲ ಹಿಡಿದು ನೋಡಿದವನಿಗೆ ಭಾಳ ಹರಿತ ಅನ್ನಿಸ್ತದ. ಮೋಸದ ಹರಿತ ಅದು. ಬಲಗಡಿ ಗಲ್ಲ ಪೂರಾ ಬೆಣ್ಣಿಯಂಗ ಬಂತಂತ. ದವಡಿ ಕೆಳಗ ತಿರುಗಿಸುವಾಗ ಮುಳ್ಳು ಮುರಿತು, ಉಸ್ತರಿ ಸಿಕ್ಕೊಂಡು ಎಗರಿತು.

ಹಲಗಿ ನಿಂತದ್ದು ನನಗ ಕೇಳಿಸಿತು. ಮದಿವಿ ಮನಿಯಾಗ ಹಲಗಿ ನಡುವ ನಿಲ್ಲಬಾರದು. ಅರಿಷಿಣದ ಕೈಯಾಗೇ ಎದ್ದು ಹೊರಗ ಬಂದೆ. ಮದುಮಗ ಮಣಿ ಮ್ಯಾಲ ಕುಂತಾರ, ಟವೆಲ್ಲು ಕುತ್ತಿಗಿಗೆ ಒತ್ತಿ ಹಿಡಿದಾರ, ಬಿಳೀ ಟವೆಲ್ಲು ಕೆಂಪಾಗಾಕತ್ತದ. ಮಾವ ಅಣ್ಣನ ಕೈಯಿಂದ ಉಸ್ತರಿ ಕಸಿದುಕೊಂಡು ಹಿಡಿದಾರ. ಕಲ್ಲೂರಿನ ಗಂಡಸರು ಸುತ್ತ ನಿಂತಾರ, ಒಬ್ಬರೂ ಕುಂತಿಲ್ಲ.

"ನಿನ್ನಿ ಮಾತಿಗೆ ಇವತ್ತು ಸೇಡು ತೀರ್ಸಿದಿ, ಅಲ್ಲೇನಲೇ?" ಅಂತ ಮಾವ.

ನಾನು ಕಲ್ಲು ನೋಡಿದೆ. ಅದರ ಮ್ಯಾಲ ನೀರು ಇನ್ನೂ ಹನಿಹನಿ ನಿಂತಿತ್ತು. "ಎಣ್ಣಿ ಕಲ್ಲಿಗೆ ನೀರು ಹಾಕ್ಯಾನ್ರಿ. ಕಲ್ಲು ನೋಡ್ರಿ" ಅಂದೆ.

"ಮದುಮಗಳು ಬಾಯಿ ತೆಗೀಬಾರ್ದು, ಒಳಗ ನಡಿ" ಅಂದಳು ಯಾವಳೋ ಒಬ್ಬಳು. ಕಲ್ಲು ಯಾರೂ ನೋಡಲಿಲ್ಲ.

ಆಗ ಮದುಮಗ ಬಾಯಿ ಬಿಟ್ಟರು. ನಾನು ಅವರ ದನಿ ಕೇಳಿದ್ದು ಅದೇ ಮೊದಲು. ಅಣ್ಣನ ಮುಖ ನೋಡಿ, "ಬೇಕಂತ ಕೊಯ್ದಿಯೇನು?" ಅಂದರು.

ಇಲ್ಲ ಅಂದಿದ್ದರ ಅಲ್ಲಿಗೆ ಮುಗೀತಿತ್ತು. ನಮ್ಮಣ್ಣನ ನಾಲಿಗಿಗೆ ಇಲ್ಲ ಅನ್ನುವಷ್ಟು ಸಣ್ಣ ಮಾತು ಬರುತ್ತಿರಲಿಲ್ಲ.

"ಬೇಕಂತ ಕೊಯ್ದಿದ್ರ ಇಷ್ಟಾ ಕೊಯ್ತಿದ್ನೇನು?"

ನೋಡ್ರಿ, ಮಾತು ಖರೇ ಅದ. ಅಂಥ ಹೊತ್ತಿನಾಗ ಅಂಥ ಖರೇ ಮಾತು ಆಡಿದವನನ್ನ ಕಟ್ಟಿ ಹಾಕಬೇಕು. ಗದ್ದಲ ಎದ್ದಿತು. ಒಬ್ಬ ಬಡಿಗಿ ತರಾಕ ಹೋದ. ಅಣ್ಣನ ಕೈಗೆ ಇನ್ನೂ ಸಾಬಣದ ನೊರಿ ಇತ್ತು, ಅಂವ ಹಿಂದ ಸರೀಲಿಲ್ಲ. ಅಪ್ಪ ತಲಿಗೆ ಕೈ ಹಾಕಿ ರುಮಾಲು ಬಿಚ್ಚಾಕ ನೋಡಿದ, ಬೀಗರ ಕಾಲಿಗೆ ಇಡಾಕ.

"ಯಪ್ಪಾ, ರುಮಾಲು ತಲಿ ಮ್ಯಾಲಾ ಇರ್ಲಿ" ಅಂದೆ. "ಮದಿವಿ ಆಗದಿದ್ರ ಗಬ್ಬೂರಿಗೆ ಬಸ್ಸು ಅದ."

ಎಲ್ಲರೂ ನನ್ನ ಕಡಿ ತಿರುಗಿದರು. ಮದುಮಗನೂ ತಿರುಗಿದರು. ಒಂದು ಗಲ್ಲ ನುಣ್ಣಗ, ಒಂದು ಗಲ್ಲಕ್ಕ ಗಡ್ಡ, ಅದರ ಮ್ಯಾಲ ಒಣಗಿದ ನೊರಿ. ನನಗ ಆ ಹೊತ್ತಿನಾಗ ನಗು ಬಂತು ಅಂದರ ನೀವು ಬೈತೀರಿ. ಬಂದದ್ದಂತೂ ಖರೆ.

ಮದುಮಗ ನನ್ನನ್ನ ನೋಡುತ್ತಲೇ ಇದ್ದರು. ಬಡಿಗಿ ತಂದವನು ಅಪ್ಪಣಿ ಕಾಯಾಕತ್ತಿದ್ದ. ಆಮ್ಯಾಲ ಅಂದರು: "ಸುರಗಿ ಸ್ನಾನದ ನೀರು ಆರಾಕತ್ತಾವ. ಏಳ್ರಿ ಎಲ್ರೂ."

"ಅರ್ಧ ಗಡ್ಡದಾಗ ಬಾಸಿಂಗ ಕಟ್ಕೊಂತೀಯೇನಲೇ?" ಅಂತ ಮಾವ ಒದರಿದರು.

"ಕಟ್ಕೊಂತೀನಿ."

ಕಟ್ಟಿಕೊಂಡರು. ಕುತ್ತಿಗಿಗೆ ಪಟಿಕ ತಿಕ್ಕಿ, ಅರಿವಿ ಸುತ್ತಿ, ಅರ್ಧ ಗಡ್ಡದಾಗ ತಾಳಿ ಕಟ್ಟಿದರು. ಆದರ ಮಾವ ತಮ್ಮ ಮಾತು ಹೇಳಿಯೇ ಕುಂತರು. ಅಣ್ಣ ಆ ಹಂದರದಾಗ ನಿಲ್ಲಬಾರದು. ಅವನ ಉಸ್ತರಿ ವಾಪಸ್ ಕೊಡಂಗಿಲ್ಲ. "ಉಳಿದ ಗಲ್ಲ ನಾಳಿ ಮುಂಜಾನಿ ನಾನಾ ಮಾಡ್ತೀನಿ. ಅಲ್ಲಿಗೆ ಗಬ್ಬೂರು ಮುಗೀತು. ಈ ಹುಡುಗಿಗೆ ತವರಮನಿ ಇಲ್ಲ ಅಂತ ತಿಳಕೊಳ್ರಿ" ಅಂದರು. ನನ್ನ ತಲಿ ಮ್ಯಾಲ ಅಕ್ಕಿಕಾಳು ಬಿದ್ದಾಗ ಅಣ್ಣ ಬಸ್ಸಿನಾಗಿದ್ದ. ಸಂಜಿಗೆ ಅಪ್ಪ, ಅವ್ವ ಹೊರಟಾಗ ಅವ್ವ ನನ್ನ ಕೈ ಬಿಡಲಿಲ್ಲ, ನಾನೇ ಬಿಡಿಸಿ ಕಳಿಸಿದೆ. ಅತ್ತರ ಏನು ಬರ್ತದ? ಮಾವ ಆ ಗಲ್ಲಕ್ಕ ಕೈ ಹಚ್ಚುವ ತನಕ ಗಬ್ಬೂರು ಮುಗಿದಿಲ್ಲ ಅನ್ನುವ ಲೆಕ್ಕ ಒಂದೇ ನನ್ನ ತಲಿಯಾಗ ಓಡಾಡುತ್ತಿತ್ತು.

ಇಲ್ಲಿ ತನಕ ಬರೆದು, ನಿನ್ನಿ ಮಧ್ಯಾಹ್ನ ಚಾ ಕುಡಿಯುವಾಗ ನಮ್ಮನಿಯವರಿಗೆ ಓದಿ ತೋರಿಸಿದೆ. ಅವರಿಗೆ ಈಗ ಕಣ್ಣು ಕಾಣಂಗಿಲ್ಲ, ಕಿವಿ ಬೇಕಾದಾಗ ಮಾತ್ರ ಕೇಳಿಸ್ತಾವ. ಮಗ ಬಾಜೂಕ ಕುಂತು ಆ ಬಿಳೀ ಕಲ್ಲು ಕೈಯಾಗ ಹಿಡಿದಿದ್ದ. ಪುಣ್ಯಕ್ಕ ಇನ್ನೂ ಎಣ್ಣಿ ಹಾಕಿರಲಿಲ್ಲ. ಹೊರಗ ಆಟೋದವನು ಹಾರ್ನು ಹೊಡೆಯಾಕತ್ತಿದ್ದ, ಸೊಸಿ ಹೋಗಿ ಬಾಗಿಲಾ ಹಾಕಿ ಬಂದಳು. ಅಷ್ಟೂ ಕೇಳಿಸಿಕೊಂಡು ಇವರು ಚಾ ಬಸಿ ಕೆಳಗ ಇಟ್ಟರು.

"ಅಂವ ಬೇಕಂತ ಕೊಯ್ಲಿಲ್ಲ ಅಂತ ನನಗ ಅವತ್ತಾ ಗೊತ್ತಿತ್ತು" ಅಂದರು.

"ಹಂಗಾರ ಇಷ್ಟು ವರ್ಷ ಮಕ್ಕಳ ಮುಂದ ಯಾಕ ಆಡಿದ್ರಿ?"

"ನೀ ಸಿಟ್ಟಾಗಲಿ ಅಂತ."

ಮಗ ನಕ್ಕ. ನಾನು ನಗಲಿಲ್ಲ. ಇವರೂ ನಗಲಿಲ್ಲ. ಮೊಮ್ಮಕ್ಕಳನ್ನ ಕರೆದರು. "ಇನ್ನ ಮ್ಯಾಲ ಅವನಿಗೆ ಕೊಯ್ದ ಮಾಮ ಅನ್ನಬ್ಯಾಡ್ರಿ. ಗಬ್ಬೂರು ಅಜ್ಜ ಅನ್ರಿ" ಅಂದರು. ಆಮ್ಯಾಲ ನನ್ನ ಕಡಿ ತಿರುಗಿ, "ಮರುದಿನ ಮುಂಜಾನಿದು ಬರದಿಲ್ಲಲ್ಲ? ಅದನ್ನ ಬಿಟ್ಟು ಏನು ಬರದಿ? ಬರಿ" ಅಂದರು.

ಬರಿತೀನಿ.

ಮರುದಿನ ಬೆಳಕು ಹರಿಯುತ್ತಲೇ ಎದ್ದೆ. ಮಾವ ಹೊಲದ ಕಡಿ ಹೋಗಿದ್ದರು. ಪಡಸಾಲಿ ಗೂಡಿನಾಗ ಕಲ್ಲು ಇತ್ತು, ಅದರ ಬಾಜೂಕ ಅಣ್ಣನ ಉಸ್ತರಿ. ಎರಡೂ ತಗೊಂಡು ಅಂಗಳಕ್ಕ ಬಂದೆ. ಕಲ್ಲು ಕಟ್ಟಿಗಿ ಚೌಕಟ್ಟಿನಾಗ ಬಿಗಿಯಾಗಿ ಕುಂತಿತ್ತು. ಕುಡಗೋಲಿನ ತುದಿ ಹಾಕಿ ಎಬ್ಬಿಸಿ ಬೋರಲು ಮಾಡಿದೆ. ಅವರಪ್ಪನ ಕಾಲದಿಂದ ಎಣ್ಣಿ ಕುಡಿದದ್ದು ಮ್ಯಾಲಿನ ಮೈ. ಕೆಳಗಿನ ಮೈ ಗಾಳಿ ಕೂಡ ಕಂಡಿರಲಿಲ್ಲ. ಬೂದಿ ಹಾಕಿ ತಿಕ್ಕಿ ತೊಳೆದು, ಒಂದು ಹನಿ ನೀರು ಬಿಟ್ಟೆ. ನೀರು ಜಾರಲಿಲ್ಲ, ಹಬ್ಬಿತು. ಮಸೆಯಾಕ ಶುರು ಮಾಡಿದೆ. ಒತ್ತಲಿಲ್ಲ.

ಸಪ್ಪಳ ಕೇಳಿ ಅತ್ತಿ ಬಂದರು. "ಏ ಹುಡುಗಿ, ಹೆಣ್ಮಕ್ಕಳು ಉಸ್ತರಿ ಮುಟ್ತಾರೇನು! ಇಡು ಕೆಳಗ."

"ನಮ್ಮಪ್ಪನ ಕೈ ನಡುಗಾಕ ಹತ್ತಿದ ಮ್ಯಾಲ ಅವನ ದಾಡಿ ನಾನಾ ಮಾಡ್ತಿದ್ದೆನ್ರಿ ಅತ್ತಿ. ಹೆಣ್ಣಿನ ಕಡಿಯವರಾ ಮಾಡ್ಬೇಕು ಅಂತ ಪದ್ಧತಿ. ಈ ಮನಿಯಾಗ ಈಗ ಹೆಣ್ಣಿನ ಕಡಿಯಾಕಿ ಅಂದ್ರ ನಾನೊಬ್ಬಾಕಿ."

ಅಷ್ಟರಾಗ ನಮ್ಮನಿಯವರು ಎದ್ದು ಬಂದರು, ಅದೇ ಅರ್ಧ ಗಡ್ಡ, ಕುತ್ತಿಗಿಗೆ ಅದೇ ಅರಿವಿ. ಅವರ ಹಿಂದೇ ಹೊಲದಿಂದ ತಿರುಗಿದ ಮಾವ ಬಾಗಿಲಿಗೆ ಬಂದರು, ಕೈಯಾಗ ತಮ್ಮ ಪೆಟಿಗಿ ಹಿಡಿದು.

"ಕುಂದ್ರಲೇ ಇಲ್ಲಿ" ಅಂದರು ಮಗನಿಗೆ.

ನಾನು ಮಣಿ ಹಾಕಿದೆ, ನನ್ನ ಮುಂದ. ತಂಬಿಗಿ ಇಟ್ಟೆ. ಇವರು ಅಪ್ಪನ್ನ ನೋಡಿದರು, ನನ್ನ ಕೈಯಾಗಿನ ಉಸ್ತರಿ ನೋಡಿದರು. ನಿನ್ನಿ ಕೊಯ್ದದ್ದು ಅದೇ ಉಸ್ತರಿ. ಕೈ ನಡುಗಿದರ ಮುಗೀತು ಅಂತ ನನಗ ಗೊತ್ತಿತ್ತು, ಹಂಗಾಗಿ ಮೊಣಕೈಯನ್ನ ಪಕ್ಕೆಲುಬಿಗೆ ಆನಿಸಿ ಹಿಡಿದಿದ್ದೆ. ಇವರು ಬಂದು ನನ್ನ ಮಣಿ ಮ್ಯಾಲ ಕುಂತರು. ಕುತ್ತಿಗಿ ಎತ್ತಿದರು. ಕಣ್ಣು ಮುಚ್ಚಲಿಲ್ಲ.

ಎಡಗಲ್ಲ ಮಾಡಿದೆ. ದವಡಿ ಕೆಳಗ ಮಾಡಿದೆ. ನಿನ್ನಿನ ಗಾಯದ ಅಂಚಿನ ಕೂದಲೂ ಬಿಡಲಿಲ್ಲ. ಒಂದು ಹನಿ ಬರಲಿಲ್ಲ. ಮಾವ ಬಾಗಿಲದಾಗೇ ನಿಂತಿದ್ದರು. ಪೆಟಿಗಿ ಬಿಚ್ಚಲಿಲ್ಲ.

ಉಸ್ತರಿ ತೊಳೆದು, ಒರೆಸಿ, ಮಡಚಿ ಇವರ ಕೈಯಾಗ ಇಟ್ಟೆ. "ಇದು ನಮ್ಮಣ್ಣನ ಹೊಟ್ಟಿಪಾಡು. ನೀವಾ ಗಬ್ಬೂರಿಗೆ ಹೋಗಿ ಕೊಟ್ಟು ಬರ್ರಿ. ಮುಖ ತೋರ್ಸಿ ಬರ್ರಿ" ಅಂದೆ. ಆಮ್ಯಾಲ ಕಲ್ಲನ್ನ ಚೌಕಟ್ಟಿನಾಗ ಕುಂದರಿಸಿ, ನೀರಿನ ಮೈ ಮ್ಯಾಲ ಮಾಡಿ ಗೂಡಿನಾಗ ಇಟ್ಟು, ಇವರ ದಾರಿ ಬುತ್ತಿಗೆ ರೊಟ್ಟಿ ಬಡಿಯಾಕ ಕುಂತೆ.